ಬಂದರೂ ಬಾರದ ಬೀನ್ಸ್

ಹನ್ನೆರಡು ಗುಂಟೆಯ ಸಾರ್ವಭೌಮೆ, ಲಕ್ಷ್ಮಣತೀರ್ಥ ತೀರ ವಿಹಾರಿಣಿ, ಸಕಲ ಕಾಯಿಕೊರಕ ಹುಳು ಸಂಹಾರಿಣಿ, ಶ್ರೀಮದ್ಬೀನ್ಸ್ ಸಾಮ್ರಾಜ್ಯೇಶ್ವರಿ ಕುಳ್ಳಮ್ಮತ್ತೆಯವರ ಮಣ್ಣು ಮೆತ್ತಿದ ಪಾದಾರವಿಂದಗಳಿಗೆ, ಹುಣಸೂರು ತರಕಾರಿ ಡಿಪೋದ ಟ್ಯಾಗು ಕಟ್ಟುವ ಮಹಾಮಂತ್ರಿಯೂ ತಮ್ಮ ಅಣ್ಣನ ಮಗನೂ ಆದ ಕನಕರಾಜು ಮಾಡುವ ಸಾಷ್ಟಾಂಗ ನಮಸ್ಕಾರಗಳು.

ನಿಮ್ಮ ಮನೆ ಕೂಗಳತೆಯಲ್ಲೇ ಇದ್ದರೂ ಪತ್ರ ಬರೆಯುತ್ತಿದ್ದೇನೆ. ಕೆಲವು ರಾಜಕಾರ್ಯಗಳನ್ನು ಮುಖ ನೋಡಿ ಹೇಳಲಾಗದು. ನಿಮ್ಮ ಕೈಯಲ್ಲಿ ಕುಡುಗೋಲು ಇರುತ್ತದೆ. ನಿಮ್ಮ ಮಗಳು ಚಿನ್ನು ಓದಿ ಹೇಳಲಿ.

ಮೈಸೂರಿನ ಅಂಗಡಿಯವರೂ ನಮ್ಮ ಡಿಪೋದವರೂ ಸೇರಿ ಕ್ರೇಟಿಗೊಂದು ಟ್ಯಾಗು ಎಂದು ತೀರ್ಮಾನಿಸಿದ ದಿನ ನೆನಪಿದೆಯೇ? ಬೆಂಕಿಪೊಟ್ಟಣದಷ್ಟು ಚೀಟಿ, ಒಳಗೆ ಕೂದಲೆಳೆಯಂಥ ತಂತಿ. ಕ್ರೇಟು ಡಿಪೋದ ಬಾಗಿಲು ದಾಟಿದರೆ ಯಂತ್ರ ಕುಂಯ್ ಎನ್ನುತ್ತದೆ; ಯಾರ ಬೆಳೆ, ಎಷ್ಟು ಹೊತ್ತಿಗೆ ಬಂತು ಎಂಬುದು ಇಲ್ಲಿನ ಪರದೆಯಲ್ಲೂ ಮೈಸೂರಿನ ಪರದೆಯಲ್ಲೂ ಒಟ್ಟಿಗೇ ಮೂಡುತ್ತದೆ. ಅಂಗಡಿಯಲ್ಲಿ ತರಕಾರಿಯ ಪಕ್ಕ ಬೆಳೆದವರ ಹೆಸರನ್ನೂ ಹಾಕುತ್ತಾರೆ ಎಂದು ಮ್ಯಾನೇಜರ್ ಕಂಠಪ್ಪನವರು ಹೇಳಿದಾಗ ನೀವು ಸೆರಗು ಸರಿಮಾಡಿಕೊಂಡಿರಿ. “ಇಷ್ಟ್ ವರ್ಸ ನನ್ ಬೀನ್ಸು ಮಂಡಿಯೋರ ಎಸ್ರಲ್ಲೇ ಓಯ್ತು ಕಣ್ಲಾ. ಒಂದ್ಸಲನಾರ ನನ್ನೆಸ್ರಲ್ಲಿ ಓಗ್ಲಿ” ಅಂದಿರಿ. ಜಗತ್ತನ್ನೇ ನಗಿಸುವ ನನಗೆ ಆ ಹೊತ್ತು ಒಂದು ತಮಾಷೆಯೂ ತೋಚಲಿಲ್ಲ.

ಆಮೇಲೆ ಬಂತಲ್ಲ ಆ ಗ್ರಹಚಾರದ ವಾರ. ಎಲ್ಲರ ಕ್ರೇಟಿಗೂ ಕುಂಯ್, ನಿಮ್ಮದಕ್ಕೆ ಮಾತ್ರ ಮೌನವ್ರತ. ಪರದೆಯಲ್ಲಿ “ಕುಳ್ಳಮ್ಮ: ಬಂದಿಲ್ಲ”. ಮೈಸೂರಿನವರು ಅದನ್ನು ನೋಡಿ ಬೇರೆಯವರ ಬೀನ್ಸ್ ತರಿಸಿಕೊಂಡರು. ನಿಮ್ಮದು ಹೋದ ಲಾರಿಯಲ್ಲೇ ವಾಪಸು. ಮೂರು ದಿನ ಹೀಗೆ ಬಾರದಿದ್ದರೆ ಪಟ್ಟಿಯಿಂದ ಹೆಸರು ತೆಗೆಯುವುದು ನಿಯಮ. ಎರಡನೆಯ ದಿನ ನೀವು ಕಂಠಪ್ಪನವರ ಮೇಜಿನ ಮೇಲೇ ಕ್ರೇಟು ಕುಕ್ಕಿದಿರಿ. “ಕಣ್ಮುಂದೆ ಬೆಟ್ಟದಂಗೆ ಕುಂತದೆ, ಬಂದಿಲ್ಲ ಅಂತದಲ್ಲಾ ನಿಮ್ ಪೆಟ್ಗೆ! ಅದ್ಕೇನ್ ಪೊರೆ ಬಂದದಾ?”

ಮೂರನೆಯ ಬೆಳಿಗ್ಗೆ ಅಂಗಡಿಯ ರಮ್ಯಾ ಮೇಡಂ ಖುದ್ದಾಗಿ ಬಂದರು. ಯಂತ್ರ ಮತ್ತೆ ಮೌನ. ನೀವು ಸಿಟ್ಟಿನಲ್ಲಿ, ಬೀನ್ಸ್ ಬಾಡದಿರಲೆಂದು ಕ್ರೇಟಿಗೆ ಹೊದಿಸಿದ್ದ ಒದ್ದೆ ಗೋಣಿಯನ್ನು ಕಿತ್ತೆಸೆದು, “ನೋಡಿ ತಾಯಿ, ಇದು ಬೀನ್ಸಲ್ದೆ ಆವಾ, ಚೇಳಾ?” ಅಂದಿರಿ. ಅಷ್ಟರಲ್ಲಿ: ಕುಂಯ್!

ಕಂಠಪ್ಪನವರು ಗೋಣಿ ಹೊದಿಸಿದರು, ಮೌನ. ತೆಗೆದರು, ಕುಂಯ್. ನಾಟಕದ ಪರದೆ ಎಳೆಯುವವರಂತೆ ಏಳು ಸಲ ಮಾಡಿದರು. ಟ್ಯಾಗನ್ನು ಹಸಿ ಗೋಣಿ ಮುಚ್ಚಿದರೆ ಯಂತ್ರದ ಕರೆ ನೀರು ದಾಟಿ ಒಳಗೆ ಹೋಗದಂತೆ! ಗೋಣಿ ಬಿಟ್ಟುಬಿಡಿ ಅನ್ನುತ್ತಾರೇನೋ ಎಂದು ನಾನು ಮೆಲ್ಲಗೆ ಕ್ರೇಟುಗಳ ಹಿಂದೆ ಸರಿದೆ. ರಮ್ಯಾ ಮೇಡಂ ಒಂದು ಬೀನ್ಸ್ ಮುರಿದರು. ಟಕ್! ಪಕ್ಕದ ಮಂಟಯ್ಯನ ಕ್ರೇಟಿನದು ಮುರಿಯದೆ ಹಗ್ಗದಂತೆ ಬಾಗಿತು. “ಗೋಣಿ ಇರಲಿ ಅಮ್ಮಾ, ಎಲ್ಲರೂ ಹೀಗೇ ಮುಚ್ಚಲಿ. ಟ್ಯಾಗನ್ನು ದಾರ ಕಟ್ಟಿ ಹೊರಗೆ ಇಳಿಬಿಡೋಣ” ಅಂದರು. “ತಪ್ಪು ನಂದೇಯ, ಎಲ್ರಿಗೂ ತೊಂದ್ರೆ ಆಯ್ತು” ಎಂದು ನೀವು ಕೈಮುಗಿದಿರಿ. ಮಂಟಯ್ಯ ಆಗಲೇ ಗೋಣಿ ಹುಡುಕಲು ಓಡಿದ್ದ.

ನಿನ್ನೆ ಲಾರಿಯ ಜೊತೆ ಮೈಸೂರಿಗೆ ಹೋಗಿದ್ದೆ. ಅಂಗಡಿಯ ಬೀನ್ಸ್ ರಾಶಿಯ ಮೇಲೆ ಹಲಗೆ: “ಹುಣಸೂರಿನ ಕುಳ್ಳಮ್ಮನವರು ಬೆಳೆದದ್ದು”. ಕನ್ನಡಕದ ಹೆಂಗಸೊಬ್ಬರು ಅದನ್ನು ಓದಿಕೊಂಡು ಎರಡು ಹಿಡಿ ಹೆಚ್ಚು ತೆಗೆದುಕೊಂಡರು. “ನಮ್ಮತ್ತೆ ಕಣ್ರೀ!” ಎಂದು ಕೂಗಿಬಿಟ್ಟೆ. ಅವರು ಬೆಚ್ಚಿದರು, ನಾನು ನಕ್ಕೆ, ಆಮೇಲೆ ಅವರೂ ನಕ್ಕರು.

ಸಾಮ್ರಾಜ್ಯ ಹಬ್ಬಲಿ, ಬಳ್ಳಿ ಬಾಗಲಿ, ಹುಳುವಿನ ವಂಶ ಅಳಿಯಲಿ.

ತಮ್ಮ ಪಾದಧೂಳಿ,
ಕನಕರಾಜು

ಚಿನ್ನು, ಇನ್ನು ಮುಂದಿನದನ್ನು ಮೆಲ್ಲಗೆ ಓದು, ಓದುವ ಮೊದಲು ಕುಡುಗೋಲು ಎತ್ತಿಡು. ಅತ್ತೆ, ಮೊದಲೆಲ್ಲ ನೀವು ಗೋಣಿಯನ್ನು ಬೀನ್ಸಿನ ಮೇಲಷ್ಟೇ ಹಾಸುತ್ತಿದ್ದಿರಿ. “ಟ್ಯಾಗಿಗೂ ಬಾಯಾರ್ತದೆ ಕಣತ್ತೆ, ಅದ್ಕೂ ಒಸಿ ಒದ್ದೆ ಗೋಣಿ ವದಿಸು” ಅಂತ ನಾನು ಹೇಳಿದ್ದು ಬರೀ ತಮಾಷೆಗೆ.