ಮಂಜುವಿನ ಬಿಸಿಲು

ಗಜೇಂದ್ರಗಡ,
ಸೋಮವಾರ

ದುರ್ಗಾ,

ನಿಮ್ಮೂರು ಲಕ್ಕಲಕಟ್ಟಿಗೆ ಫೋನ್ ಮಾಡಿದರೆ ನಿನ್ನ ದನಿಯ ಹಿಂದೆ ಮಂಜುವಿನ ಮಾತು ಕೇಳಿಸುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಇಬ್ಬರು ಮಕ್ಕಳಿಗೂ ಅದೇ ಮಿದುಳು ಜ್ವರ, ದವಾಖಾನೆಯಲ್ಲಿ ಪಕ್ಕಪಕ್ಕದ ಹಾಸಿಗೆ. ನಿನ್ನ ಮಗ ಕುಣಿಯುತ್ತ ಮನೆಗೆ ಹೋದ. ನನ್ನ ಸೃಷ್ಟಿಗೆ ಜ್ವರ ಬಿಟ್ಟರೂ ಇನ್ನೂ ಕಿವಿ ಕೇಳಿಸುತ್ತಿಲ್ಲ. ರಕ್ತದಲ್ಲಿ ವಿಟಮಿನ್ ಡಿ ಮಂಜುವಿಗೆ ಸಾಕಷ್ಟಿತ್ತು, ಇವಳಿಗೆ ತೀರಾ ಕಡಿಮೆ. "ಅದರಿಂದನ ಹಿಂಗಾತು ಅನ್ನಾಕ ಬರೂದಿಲ್ರಿ" ಎಂದರು ಡಾಕ್ಟರು. ನನ್ನ ತಲೆಯಲ್ಲಿ ಉಳಿದದ್ದು ನಿನ್ನ ಮಾತು: "ನಮ್ಮ ಮಂಜ್ಯಾ ದಿನಾ ಹೊಲದಾಗ ಬಿಸಲಾಗ ಆಡ್ತಾನ್ರಿ ಅಕ್ಕಾರ." ಕಪ್ಪಾಗುತ್ತಾಳೆಂದು ನಾನು ಇವಳನ್ನು ಅಂಗಳಕ್ಕೂ ಬಿಟ್ಟವಳಲ್ಲ.

ದವಾಖಾನೆಯಿಂದ ಹೊರಡುವಾಗ ನೀನು ಮಂಜುವನ್ನು ಹಿಂದಿನಿಂದ ಕೂಗಿದೆ, ಅವನು ತಟ್ಟನೆ ತಿರುಗಿ ನೋಡಿದ. ಸುಳ್ಳೇಕೆ ಹೇಳಲಿ, ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಭಾನುವಾರ ಸೃಷ್ಟಿಯನ್ನು ನಿನ್ನಲ್ಲಿಗೆ ಕರೆತಂದು ಬಿಡುತ್ತೇನೆ. ನೀನು ಕಳೆ ತೆಗೆಯುವ ಹೊಲದಲ್ಲಿ ಮಂಜುವಿನ ಜೊತೆ ಆಡಲಿ, ತಲೆಗೆ ಏನೂ ಹೊದಿಸಬೇಡ. ಅವನು ಅವಳನ್ನು ಹಿಂದಿನಿಂದ ಹೆಸರು ಹಿಡಿದು ಕೂಗಲಿ. ಅವಳು ತಿರುಗದಿದ್ದರೆ ಸಂಜೆ ನನಗೆ ಹೇಳಬೇಡ. ಅವನಿಗೆ ಮಾತ್ರ ಸುಮ್ಮನಿರು ಅನ್ನಬೇಡ, ಕೂಗುತ್ತಲೇ ಇರಲಿ.

ಸೃಷ್ಟಿಯ ತಾಯಿ,
ನಿರ್ಮಲಾ