ಒಳಮೈಯ ಕೆಂಪು

ಡಿಸೆಂಬರ್ 4, ಸಂಜೆ

ಎರಡು ಪ್ಯಾಂಟಿನ ಕಾಲು ಗಿಡ್ಡ ಮಾಡಿದೆ. ಒಂದು ಜಾಕೆಟ್ಟಿಗೆ ಹೊಸ ಜಿಪ್. ಚಳಿಗೆ ಬೆರಳು ಮರಗಟ್ಟಿ ಸೂಜಿಗೆ ದಾರ ಪೋಣಿಸಲು ಒದ್ದಾಟ.

ಅಂಗಡಿ ಮುಚ್ಚುವ ಹೊತ್ತಿಗೆ ಭಾವ ಬಂದರು. ಕೈಯಲ್ಲಿ ಅಕ್ಕನ ಕೆಂಪು ಕೋಟು. ಅಕ್ಕ ಹೋದ ಮೇಲೆ ಇದು ಮೊದಲ ಚಳಿಗಾಲ. ಕತ್ತರಿಸಿ ಮಗಳಿಗೊಂದು ಗಿಡ್ಡ ಜಾಕೆಟ್ ಮಾಡು, ಕಪ್ಪು ಬಣ್ಣ ಹಾಕಿಸು ಎಂದರು. ಯಾಕೆ ಎಂದು ಕೇಳಲಿಲ್ಲ. ಅವರೇ ಹೇಳಿದರು.

"ಬಾಗಿಲ ಹಿಂದೆ ನೇತಾಡ್ತಿರುತ್ತಮ್ಮ. ಕೆಲಸದಿಂದ ಬಂದು ಲೈಟ್ ಹಾಕಿದ್ರೆ ಅವಳೇ ನಿಂತ ಹಾಗೆ."

ಭಾನುವಾರಕ್ಕೆ ಕೊಡುತ್ತೇನೆ ಎಂದೆ.

ಡಿಸೆಂಬರ್ 5

ಕೋಟು ಮೇಜಿನ ಮೇಲಿದೆ. ಪಾದ ಮುಟ್ಟುವಷ್ಟು ಉದ್ದ, ಅಗಲ ಕಾಲರ್. ಬೀದಿಯೆಲ್ಲ ಬೂದು ಸ್ವೆಟರಿನಲ್ಲಿ ಮುದುಡಿಕೊಂಡು ಹೋಗುವಾಗ ಅಕ್ಕ ಇದನ್ನು ತೊಟ್ಟು, ಕಾಲರ್ ಎತ್ತಿ ನಿಲ್ಲಿಸಿ, ಮೊಣಕೈವರೆಗೆ ಕಪ್ಪು ಗ್ಲೌಸ್, ಓರೆಯಾಗಿ ಟೋಪಿ... ಹಾಲಿನವನು, ಮಹಾರಾಣಿ ಸವಾರಿ ಬಂತು, ದಾರಿ ಬಿಡಿ ಎನ್ನುತ್ತಿದ್ದ. ಅವಳು ನಿಂತು, ಗಂಭೀರವಾಗಿ ತಲೆಬಾಗಿಸಿ ಮುಂದೆ ಹೋಗುತ್ತಿದ್ದಳು. ಚಳಿಗೆ ಹೆದರಿದವರ ಹಾಗೆ ಬಟ್ಟೆ ಹಾಕಬಾರದು, ಚಳಿ ನಮ್ಮನ್ನು ನೋಡಲೆಂದೇ ಬಂದಿದೆ ಅನ್ನುವ ಹಾಗೆ ಹಾಕಬೇಕು ಎನ್ನುತ್ತಿದ್ದಳು.

ಮಧ್ಯಾಹ್ನ ಅಕ್ಕನ ಮಗಳು ಬಂದಳು. ಅಪ್ಪನಿಗೆ ಗೊತ್ತಿಲ್ಲದೆ.

"ಕತ್ತರಿ ಹಾಕ್ಬೇಡ ಚಿಕ್ಕಮ್ಮ. ಕತ್ತರಿಸಿದ್ರೆ ಅದು ಬರೀ ಬಟ್ಟೆ."

ಭಾವನ ಮಾತಿಗೆ ಆಗಲೇ ಒಪ್ಪಿಕೊಂಡಾಗಿದೆ.

ಡಿಸೆಂಬರ್ 7

ಕತ್ತರಿ ಎತ್ತಿದೆ, ಇಟ್ಟೆ. ಲೈನಿಂಗ್ ಬಿಚ್ಚಿ ನೋಡಿದೆ. ಹೊರಗೆ ಮಾಸಿ ಇಟ್ಟಿಗೆ ಬಣ್ಣ. ಬಟ್ಟೆಯ ಒಳಮೈ ಇನ್ನೂ ಹೊಸ ಕೆಂಪು.

ಹಳೆ ಕೋಟು ಮಗುಚುವುದು ನನಗೆ ಗೊತ್ತಿರುವ ಕೆಲಸವೇ — ಹೊಲಿಗೆಯೆಲ್ಲ ಬಿಚ್ಚಿ, ಒಳಮೈ ಹೊರಗೆ ಮಾಡಿ ಮತ್ತೆ ಹೊಲಿಯುವುದು. ಬಿಚ್ಚಲು ಕೂತೆ.

ಡಿಸೆಂಬರ್ 12

ಭಾನುವಾರ ಕೊಡಲಿಲ್ಲ. ಭಾವನ ಫೋನ್ ಎತ್ತಲಿಲ್ಲ.

ಇವತ್ತು ಮುಗಿಯಿತು. ಮುಗಿದ ಮೇಲೆ ಕಂಡದ್ದು — ಗುಂಡಿ ಇರಬೇಕಾದ ಕಡೆ ಅದನ್ನು ತೂರಿಸುವ ಕಾಜಾ, ಕಾಜಾ ಇರಬೇಕಾದ ಕಡೆ ಗುಂಡಿ, ಎರಡೂ ಅದಲುಬದಲು. ಗಂಡಸರ ಕೋಟಿನ ಹಾಗೆ. ಮಗುಚಿದರೆ ಎಡ ಬಲವಾಗುತ್ತದೆ. ಬೇರೆಯವರದಾಗಿದ್ದರೆ ಹಳೆ ಕಾಜಾ ಮುಚ್ಚಿ ಹೊಸದು ತೆಗೆಯುತ್ತಿದ್ದೆ. ಅಕ್ಕನ ಕೋಟಿಗೇ ಮರೆತೆ.

ಬಣ್ಣ ಮಾತ್ರ ಕೊಂಡ ದಿನದ ಕೆಂಪೇ. ಭಾವ ಕಪ್ಪು ಮಾಡು ಎಂದಿದ್ದರು.

ಡಿಸೆಂಬರ್ 15, ಭಾನುವಾರ ಬೆಳಿಗ್ಗೆ

ಇಬ್ಬರೂ ಬಂದರು. ಭಾವ ಕೋಟು ನೋಡಿ ಸ್ಟೂಲಿನ ಮೇಲೆ ಕೂತುಬಿಟ್ಟರು.

ಮಗಳು ತೊಟ್ಟಳು. ಗುಂಡಿ ಹಾಕಲು ತಡವರಿಸಿದಳು. ತಪ್ಪಾಗಿದೆ, ಸರಿಮಾಡಿಕೊಡುತ್ತೇನೆ ಎಂದೆ. ಅವಳು ಕನ್ನಡಿಯ ಮುಂದೆ ಹೋಗಿ ನಿಂತಳು. ಬಹಳ ಹೊತ್ತು.

"ಬೇಡ ಚಿಕ್ಕಮ್ಮ. ಕನ್ನಡೀಲಿ ಸರಿಯಾಗೇ ಇದೆ. ಅಮ್ಮ ಎದುರಿಗೆ ಬಂದಾಗ ಗುಂಡಿ ಈ ಕಡೆಗೇ ಕಾಣ್ತಿದ್ದಿದ್ದು."

ಭಾವ ಎದ್ದರು. ಬೈಯುತ್ತಾರೆ ಅಂದುಕೊಂಡೆ. ಮಗಳ ಹತ್ತಿರ ಬಂದು ಕಾಲರ್ ಎತ್ತಿ ನಿಲ್ಲಿಸಿದರು.

"ಮಡಚಿ ಬಿಡಬಾರದು. ಹೀಗೆ."

ಒಂದು ಸುತ್ತು ಹೋಗಿ ಬರೋಣ, ನೀನೂ ಬಾ ಎಂದರು ನನಗೆ. ಎರಡು ನಿಮಿಷ ಎಂದು ಹೇಳಿ ಇದನ್ನು ಬರೆಯುತ್ತಿದ್ದೇನೆ. ಹೊರಗೆ ಕೊರೆಯುವ ಗಾಳಿ. ಇಬ್ಬರೂ ಬಾಗಿಲಾಚೆ ಕಾಯುತ್ತಿದ್ದಾರೆ. ಮಗಳು ಗಾಜು ತಟ್ಟುತ್ತಿದ್ದಾಳೆ. ನನಗೆ ಹಾಕಿಕೊಳ್ಳಲು ಇರುವುದು ಈ ಬೂದು ಸ್ವೆಟರೊಂದೇ, ಅದರ ಮೇಲೆ ಕೆಂಪಗೆ ಏನಾದರೂ—