ಆರ್ವೊನ ಬೆಂಕಿಗೆ ಹೊಗೆಯಿಲ್ಲ

ಪೆಲ್ಟೊ ಕಾರ್ನರ್, ಉತ್ತರ ಮಿಶಿಗನ್
ಅಕ್ಟೋಬರ್ 12

ಪ್ರೀತಿಯ ಸೈಮಿ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ತಡವಾಗಿ ಬರೆಯುತ್ತಿದ್ದೇನೆಂದು ಮುನಿಸಿಕೊಳ್ಳಬೇಡ. ಬೆರಳ ಗಂಟುಗಳು ಈ ಸಲ ಚಳಿಗೆ ಮೊದಲೇ ಹಿಡಿದುಕೊಂಡಿವೆ. ಪೆನ್ನು ಹಿಡಿದರೆ ಲಟ್ಟಣಿಗೆ ಹಿಡಿದ ಹಾಗಾಗುತ್ತದೆ. ನೀನು ಹಡಗಿನಲ್ಲಿ ಅಷ್ಟು ಜನ ಗಂಡಸರಿಗೆ ಬೇಯಿಸಿ ಹಾಕಿಯೂ ಮುದುಕಿಗೆ ಎರಡು ಪುಟ ಬರೆಯುತ್ತೀಯ. ನಾನು ಕಿಟಕಿ ಹತ್ತಿರ ಸುಮ್ಮನೆ ಕೂತು ಒಂದು ಪುಟ ಬರೆಯಲಾರದೆ ಹೋದೆ. ಹಡಗು ಡೆಟ್ರಾಯಿಟ್ ದಾಟುವಾಗ ಅಂಚೆ ದೋಣಿಯವನು ಇದನ್ನು ನಿನಗೆ ಮುಟ್ಟಿಸಲಿ.

ಇಲ್ಲಿ ಮೇಪಲ್ ಎಲೆಯೆಲ್ಲ ಉದುರಿತು. ನಾನು ಆರೋಗ್ಯವಾಗಿದ್ದೇನೆ. ಪಾಸ್ಟರ್ ಮನೆಯ ನಾಯಿ ಮತ್ತೆ ಮರಿ ಹಾಕಿದೆ, ಬೇಕೇ ಎಂದು ಕೇಳಿ ಕಳಿಸಿದ್ದಾರೆ. ಈ ವಯಸ್ಸಿನಲ್ಲಿ ನಾಯಿ ನನ್ನನ್ನು ಸಾಕಬೇಕು ಎಂದು ಹೇಳಿ ಕಳಿಸಿದೆ.

ನೀನು ಕೇಳಿದ್ದು ನಿನ್ನ ಅಪ್ಪನ ವಿಷಯ. ಅದನ್ನೇ ಬರೆಯುತ್ತೇನೆ. ಸೆಪ್ಟೆಂಬರ್ ಕೊನೆಗೆ ಆರ್ವೊ ಡೇರೆ, ಕೋವಿ, ಬಾಣಲೆ ಎಲ್ಲ ಟ್ರಕ್ಕಿಗೆ ಹಾಕಿಕೊಂಡು ಹೊರಟ. ನವೆಂಬರಿನಲ್ಲಿ ನೀನು ರಜೆಗೆ ಬಂದಾಗ ಇಬ್ಬರೂ ಹೋಗಿ ಉಳಿಯಲು ಯಾರೂ ಕಾಣದ ಒಂದು ಹೊಸ ಜಾಗ ಹುಡುಕುತ್ತೇನೆ ಎಂದ. ಯಾವ ಕಡೆ ಹೋಗುತ್ತೀಯೋ ಎಂದು ಕೇಳಿದೆ. "ಹೇಳಿಬಿಟ್ರೆ ಅದು ಜಾಗ ಅಲ್ಲಮ್ಮ, ಸಂತೆ," ಎಂದ. ಅವನಪ್ಪ ಹೆಯ್ಕಿಯೂ ಹೀಗೆಯೇ. ಮಲಗುವ ಜಾಗವನ್ನು ಹೆಂಡತಿಗೂ ಹೇಳುತ್ತಿರಲಿಲ್ಲ.

ಕಾಡಿನಲ್ಲಿದ್ದರೂ ಶನಿವಾರ ಸಂಜೆ ಸೌನಾಗೆ ಇಳಿದು ಬರುವುದನ್ನು ಆರ್ವೊ ತಪ್ಪಿಸಿದವನಲ್ಲ. ಕಾದ ಕಲ್ಲಿಗೆ ನೀರು ಹೊಯ್ದು ಬೆವರಿ, ಬರ್ಚ್ ಸೊಪ್ಪಿನಿಂದ ಬೆನ್ನು ಬಡಿದುಕೊಂಡು, ನನ್ನ ಕಾಫಿ ಕುಡಿದು ಮತ್ತೆ ಹೋಗುತ್ತಾನೆ. ಕಳೆದ ಶನಿವಾರ ಬರಲಿಲ್ಲ. ನಾನು ಕಟ್ಟಿಗೆ ಹಾಕುತ್ತಲೇ ಇದ್ದೆ. ಕೊನೆಗೆ ಒಬ್ಬಳೇ ಒಳಗೆ ಕೂತೆ. ನಿನಗೂ ಅವನ ನೋವಿನ ಮೊಣಕಾಲಿನ ಚಿಂತೆ, ನನಗೂ ಮನಸ್ಸು ನಿಲ್ಲಲಿಲ್ಲ. ನಿನ್ನೆ ಏಲಕ್ಕಿ ಹಾಕಿ ಒಂದು ನಿಸು ಬ್ರೆಡ್ಡು ಸುಟ್ಟುಕೊಂಡು, ಅವನಿಗೆ ಕೊಟ್ಟು ಮುಖ ನೋಡಿ ಬರೋಣವೆಂದು ರೇನೊನನ್ನು ಕರೆದೆ. ನಿನ್ನಪ್ಪನ ಜೊತೆ ಶಾಲೆಗೆ ಹೋದವನು, ಈಗ ಚಳಿಗಾಲದಲ್ಲಿ ನಮ್ಮ ರಸ್ತೆಯ ಹಿಮ ತೆಗೆಯುತ್ತಾನಲ್ಲ, ಅದೇ ರೇನೊ.

"ಐಲಿಯಮ್ಮ, ಬೆಲ್ಟು ಹಾಕ್ಕೊಳ್ಳಿ. ನಿಮಗೇನಾದ್ರೂ ಆದ್ರೆ ಆರ್ವೊ ನನ್ನ ಚರ್ಮ ಸುಲೀತಾನೆ."

"ಮೊದಲು ಅವನು ಸಿಗಲಿ ಕಣೋ, ಆಮೇಲೆ ಸುಲಿಸ್ಕೊಳ್ಳೋವಂತೆ."

ಸರ್ಕಾರಿ ಕಾಡಿನಲ್ಲಿ ಎಲ್ಲಿ ಬೇಕಾದರೂ ಡೇರೆ ಹಾಕಬಹುದು ಎನ್ನುತ್ತಾರೆ, ಆದರೆ ಹಾಕುವಂಥ ಜಾಗ ಹುಡುಕುವುದು ಸುಲಭವಲ್ಲ. ನಕಾಶೆಯಲ್ಲಿ ಕೂದಲೆಳೆಯಷ್ಟು ಸಣ್ಣಗೆ ಕಾಣುವ ಹಳೆಯ ಮರ ಸಾಗಿಸುವ ದಾರಿಗಳನ್ನು ಒಂದೊಂದಾಗಿ ಹಿಡಿದು ಹೋದೆವು. ಮಣ್ಣಿನ ಒಡ್ಡು ಹಾಕಿ ದಾರಿ ಮುಚ್ಚಿದ ಕಡೆ ಇಳಿದು ನಡೆಯಬೇಕು. ಆರ್ವೊ ಒಡ್ಡಿನ ಆಚೆಗೇ ಮಲಗುವವನು. ನೀರು ಹತ್ತಿರವಿರಬೇಕು, ಆದರೆ ಅದರ ತೇವ ಮೈಗೆ ತಾಗಬಾರದು. ನೆಲ ಸ್ವಲ್ಪವೇ ಇಳಿಜಾರಿರಬೇಕು. ಡೇರೆ ಹಾಕುವ ಮೊದಲು ತಲೆ ಎತ್ತಿ, ಮೇಲೆ ಒಣಕೊಂಬೆ ಇಲ್ಲವೆಂದು ನೋಡಬೇಕು. ಹೆಯ್ಕಿ ಅವನಿಗೆ ಇದನ್ನೆಲ್ಲ ಕಲಿಸುವಾಗ ನಾನೂ ಪಕ್ಕದಲ್ಲೇ ಆಲೂಗಡ್ಡೆ ಸುಲಿಯುತ್ತಿದ್ದೆನಾದ್ದರಿಂದ ನನಗೂ ಬಂತು.

ಮೊದಲ ಜಾಗ ಹೆಮ್ಲಾಕ್ ಮರಗಳ ಕೆಳಗಿತ್ತು. "ನಾನಾಗಿದ್ರೆ ಇಲ್ಲೇ ಹಾಸಿಗೆ ಬಿಚ್ತಿದ್ದೆ," ಎಂದು ರೇನೊ ನಿಂತ. ನೆಲದ ಮೇಲೆ ಒಂದು ಗುರುತಿಲ್ಲ. ನಾನು ಕೋಲಿನಿಂದ ಒಂದು ಕಲ್ಲನ್ನು ಮಗುಚಿದೆ. ಅಡಿಯಲ್ಲಿ ಮಸಿ. ಒಲೆಯ ಕಲ್ಲುಗಳನ್ನೆಲ್ಲ ಚೆಲ್ಲಿ, ಮಸಿಯ ಮುಖ ಕೆಳಗೆ ಮಾಡಿ, ಬೂದಿ ಹೂತು, ಮೇಲೆ ಎಲೆ ಹರಡಿ ಹೋಗಿದ್ದಾನೆ.

"ಕಳ್ಳನೂ ಇಷ್ಟು ಚೊಕ್ಕ ಮಾಡಲ್ಲ," ಎಂದ ರೇನೊ.

ನನಗೆ ಎದೆ ಹಗುರಾಯಿತು, ಸೈಮಿ. ಕಲ್ಲು ಮಗುಚಿದೆ ಎಂದರೆ ಅವನು ತನ್ನ ಕಾಲಮೇಲೆ ಅಲ್ಲಿಂದ ಎದ್ದು ಹೋಗಿದ್ದಾನೆ ಎಂದು ಅರ್ಥ. ಇನ್ನೂ ಉತ್ತರಕ್ಕೆ ಇಂಥದೇ ಇನ್ನೊಂದು ಜಾಗ ಸಿಕ್ಕಿತು. ಅಲ್ಲಿಂದ ಮುಂದೆ ಕರಡಿ ತೊರೆ. ಮಳೆಗೆ ತುಂಬಿ ಹರಿಯುತ್ತಿತ್ತು, ಮರದ ಸೇತುವೆ ಯಾವಾಗಲೋ ಕೊಚ್ಚಿ ಹೋಗಿದೆ. ಆಚೆ ಗುಡ್ಡದ ಮೇಲೆ ಹೊಗೆ ಏಳುತ್ತಿತ್ತು, ಬೆಳ್ಳಗೆ, ದಪ್ಪಗೆ, ಹಳೆಯ ಉಗಿಬಂಡಿ ನಿಂತ ಹಾಗೆ.

"ನೋಡಿ, ಸೇತುವೆ ಕೆಳಗಿನವನು ಯಾವನೋ ಬಂದಿದಾನೆ," ಎಂದ ರೇನೊ. ದೊಡ್ಡ ಸೇತುವೆ ದಾಟಿ ದಕ್ಷಿಣದ ಪಟ್ಟಣಗಳಿಂದ ಬರುವವರನ್ನು ಕಂಡರೆ ಅವನಿಗೆ ಆಗದು. "ಹಸಿ ಫರ್ ಸೊಪ್ಪು ಸುಡ್ತಿದಾನೆ, ಮಹಾರಾಯ. ಸಂಜೆ ಹೊತ್ತಿಗೆ ಒಣಮೀನಾಗಿರ್ತಾನೆ."

"ಸೊಳ್ಳೆ ಓಡಿಸ್ತಿದಾನೋ ಏನೋ."

"ಅಕ್ಟೋಬರಲ್ಲಿ ಸೊಳ್ಳೆನಾ? ಬರುವಾಗ ಜೊತೇಲಿ ತಂದಿರ್ಬೇಕು."

ನಕ್ಕೆವು. ನಿನ್ನಪ್ಪನ ಬೆಂಕಿಗೆ ಹೊಗೆಯೇ ಇರುವುದಿಲ್ಲ. ಒಣಗಿದ ಮೇಪಲ್ ಕಡ್ಡಿಯನ್ನು ಬೆರಳಷ್ಟು ಸಣ್ಣಗೆ ಸೀಳಿ ಹಚ್ಚುತ್ತಾನೆ. ಪಕ್ಕದಲ್ಲೇ ನಿಂತರೂ ಬಿಸಿ ತಾಗುತ್ತದೆಯೇ ಹೊರತು ಕಣ್ಣು ಉರಿಯುವುದಿಲ್ಲ. "ಕೂಗಿ ಕೇಳ್ಲಾ, ಆರ್ವೊನ್ನ ನೋಡಿದೀಯಾ ಅಂತ?" ಎಂದು ರೇನೊ ಬಾಯಿಗೆ ಕೈ ಅಡ್ಡ ಹಿಡಿದ. "ಬೇಡ ಬಿಡೋ," ಎಂದೆ. "ಪಾಪ, ಒಬ್ಬನೇ ಇರೋಣ ಅಂತ ಅಷ್ಟು ದೂರದಿಂದ ಬಂದಿರ್ತಾನೆ." ಬೇರೆಯವರ ಹೊಗೆ ಕಂಡರೆ ಹಿಂದಿರುಗಬೇಕು. ಪಕ್ಕದ ಮನೆಯ ಸೌನಾ ಕಿಟಕಿಯಲ್ಲಿ ಯಾರಾದರೂ ಇಣುಕುತ್ತಾರೆಯೇ?

ಟ್ರಕ್ಕಿನ ಹಿಂಬದಿ ಹಲಗೆ ಇಳಿಸಿ ಕೂತು, ಕಾಫಿ ಕುಡಿದು, ನಿಸುವನ್ನು ಅರ್ಧ ತಿಂದು ಹಿಂದಿರುಗಿದೆವು. ಅವನು ಇನ್ನೂ ಉತ್ತರಕ್ಕೆ ಹೋಗಿರಬೇಕು. ನೀನು ಚಿಂತೆ ಮಾಡಬೇಡ. ದೇವರು ನಿನ್ನ ಹಡಗನ್ನು ಗಾಳಿಯಿಂದ ಕಾಯಲಿ.

ನಿನ್ನ ಅಜ್ಜಿ,
ಮುಮ್ಮು ಐಲಿ

ಮರೆತಿದ್ದೆ: ಈ ಶನಿವಾರ ಸೌನಾ ಬೇಗನೆ ಹಚ್ಚುತ್ತೇನೆ. ಮಿಕ್ಕ ನಿಸುವನ್ನು ಬಟ್ಟೆಯಲ್ಲಿ ಸುತ್ತಿ ಅವನಿಗೆ ಎತ್ತಿಟ್ಟಿದ್ದೇನೆ.


ಪೆಲ್ಟೊ ಕಾರ್ನರ್
ನವೆಂಬರ್ 8

ನನ್ನ ಕಂದ ಸೈಮಿ,

ಈ ಕಾಗದವನ್ನು ಎಷ್ಟೋ ಸಲ ಶುರು ಮಾಡಿ ಒಲೆಗೆ ಹಾಕಿದೆ. ಕ್ಷಮಿಸು. ಅಪ್ಪ ಕಾಣೆಯಾದದ್ದನ್ನೂ ಸಿಕ್ಕಿದ್ದನ್ನೂ ಪಾಸ್ಟರ್ ನಿನಗೆ ಫೋನಿನಲ್ಲಿ ಹೇಳಿದ್ದಾರೆ. ನಿನ್ನ ಹಡಗು ದಡ ಸೇರಿ ನೀನು ಬರುವವರೆಗೆ ಮಣ್ಣು ಮಾಡುವುದಿಲ್ಲ ಎಂದು ಅವರು ಒಪ್ಪಿದ್ದಾರೆ. ನೆಲ ಇನ್ನೂ ಹಿಮಕ್ಕೆ ಗಟ್ಟಿಯಾಗಿಲ್ಲ, ಅಗೆಯಬಹುದು. ಉಳಿದದ್ದನ್ನು ನೀನು ಬರುವ ಮೊದಲು ಬರೆದೇ ತಿಳಿಸಬೇಕು. ನಿನ್ನ ಮುಖ ನೋಡಿಕೊಂಡು ಹೇಳುವ ಶಕ್ತಿ ನನಗಿಲ್ಲ.

ಎರಡನೆಯ ಶನಿವಾರವೂ ಅವನು ಬಾರದಿದ್ದಾಗ ರೇನೊ ಶೆರಿಫ್ ಕಚೇರಿಗೆ ಹೋದ. ಅವರು ನಾಯಿ ತಂದರು, ಮೇಲೆ ವಿಮಾನ ಹಾರಿಸಿದರು. ಟ್ರಕ್ಕನ್ನು ಹುಡುಕಿದರು, ಸಿಗಲಿಲ್ಲ. ಆರ್ವೊ ನಿಲ್ಲಿಸಿದ ಟ್ರಕ್ಕನ್ನು ಪಕ್ಕದಲ್ಲಿ ನಡೆದು ಹೋಗುವವರೂ ಕಾಣಲಾರರು, ನಿನಗೆ ಗೊತ್ತು. ಅವನು ಇದ್ದು ಹೋದ ಜಾಗಗಳನ್ನು ನಾನು ತೋರಿಸಿದೆ. ಆ ಹುಡುಗರು ನಂಬಲಿಲ್ಲ. "ಅಜ್ಜಿ, ಇಲ್ಲಿ ಯಾರೂ ಮಲಗಿಲ್ಲ. ಹುಲ್ಲೂ ಬಾಗಿಲ್ಲ," ಎಂದ ಒಬ್ಬ. ಕಲ್ಲು ಮಗುಚಿ ತೋರಿಸಿದ ಮೇಲೆ ಟೋಪಿ ತೆಗೆದ. ಕಾಡಿನಲ್ಲಿ ಏನನ್ನೂ ಬಿಟ್ಟು ಬರಬಾರದೆಂದು ಕಲಿತವನನ್ನು ಯಾವ ಗುರುತು ಹಿಡಿದು ಹುಡುಕುವುದು? ಪ್ರತಿ ಜಾಗದಲ್ಲೂ ಕಲ್ಲು ಮಗುಚಿದೆಯೇ ಎಂದು ನೋಡುತ್ತಿದ್ದೆ. ಮಗುಚಿದ್ದರೆ ಇಲ್ಲಿಂದಲೂ ಎದ್ದು ಹೋಗಿದ್ದಾನೆ ಎಂದು ದೇವರಿಗೆ ಕೈ ಮುಗಿಯುತ್ತಿದ್ದೆ. ಮಸಿ ಮೇಲಾದ ಕಲ್ಲು ಎಂದಿಗೂ ಸಿಗದಿರಲಿ ಎಂದು ಬೇಡುತ್ತಿದ್ದೆ.

ಸಿಕ್ಕಿತು. ಹುಡುಕಿದ್ದು ನಾವಲ್ಲ. ಸೇತುವೆ ಕೆಳಗಿನವರೇ, ಒಬ್ಬ ಹುಡುಗ, ಒಬ್ಬಳು ಹುಡುಗಿ, ದಾರಿ ತಪ್ಪಿದವರು. ಡೇರೆ ಕಂಡದ್ದೇ ದಾರಿ ಕೇಳೋಣವೆಂದು ನೇರ ನಡೆದು ಹೋದರಂತೆ. ಬೇರೆಯವರ ಜಾಗಕ್ಕೆ ಹಾಗೆ ಹೋಗಬಾರದೆಂದು ಅವರಿಗೆ ಯಾರೂ ಕಲಿಸಿರಲಿಲ್ಲ. ಆ ಹುಡುಗಿ ನನ್ನ ಅಡುಗೆಮನೆಯಲ್ಲಿ ಕೂತು ಅತ್ತಳು. ಅವಳಿಗೆ ಕಾಫಿ ಕೊಟ್ಟೆ. ರೇನೊ ಎದ್ದು ಅವಳ ಕೋಟನ್ನು ಒಲೆಯ ಹತ್ತಿರ ಒಣಗಲು ಹಾಕಿದ.

ಬೀಚ್ ಮರದ ತಲೆ ಮುರಿದು ಅವನ ತೊಡೆಯ ಮೇಲೆ ಬಿದ್ದಿದೆ. ಈಗಿನ ಬೀಚ್ ಮರಗಳು ಹಾಗೆಯೇ. ಎಲೆ ಹಸಿರಾಗಿ ನಿಂತಿರುತ್ತದೆ, ಒಳಗೆ ರೋಗ ತಿಂದಿರುತ್ತದೆ. ಅವನು ತಲೆ ಎತ್ತಿ ನೋಡದೆ ಮಲಗಿದನೆಂದು ಯಾರೂ ಹೇಳದಿರಲಿ. ನೋಡಿದ್ದಾನೆ. ಹಸಿರೇ ಕಂಡಿದೆ. ಹೇಗೋ ಕೊಂಬೆಯಡಿಯಿಂದ ಮೈ ಎಳೆದುಕೊಂಡು ಒಲೆಯ ತನಕ ಬಂದಿದ್ದಾನೆ. ಮೇಲೇಳಲು ಆಗಿಲ್ಲ. ತಕ್ಷಣ ಜೀವ ಹೋಗಲಿಲ್ಲ, ಕೆಲವು ದಿನ ಇದ್ದ ಎಂದು ಡಾಕ್ಟರು ಹೇಳಿದರು. ಅದನ್ನು ನಿನ್ನಿಂದ ಮುಚ್ಚಿಡಲಾರೆ.

ರೇನೊ ನನ್ನನ್ನು ಬೆನ್ನಮೇಲೆ ಹೊತ್ತು ಆ ಗುಡ್ಡ ಹತ್ತಿಸಿದ. ಸೈಮಿ, ಜಾಗ ಚೆನ್ನಾಗಿದೆ. ಅಂಥ ಜಾಗವನ್ನು ಹೆಯ್ಕಿಯೂ ಹುಡುಕಿರಲಿಲ್ಲ. ಕೆಳಗೆ ನೀರು, ಬೆನ್ನಿಗೆ ಬಂಡೆ, ಮುಂದೆ ಮರಗಳ ನಡುವೆ ದೊಡ್ಡ ಸರೋವರ ಕಾಣುತ್ತದೆ. ನಾವು ನಿಂತಿದ್ದಾಗಲೇ ಅದಿರು ತುಂಬಿದ ಹಡಗೊಂದು ದೂರದಲ್ಲಿ ಹೋಯಿತು. ನಿನ್ನನ್ನು ಕೂರಿಸಿ, ನೀನು ದಿನವೂ ಹೋಗುವ ದಾರಿಯನ್ನು ದಡದಿಂದ ತೋರಿಸಬೇಕೆಂದಿದ್ದನೋ ಏನೋ.

ಒಲೆಯ ಕಲ್ಲುಗಳು ಮಸಿ ಮೇಲಾಗಿಯೇ ಇದ್ದವು. ರೇನೊ ಮಗುಚಲು ಬಗ್ಗಿದ. "ಇರ್ಲಿ ಕಣೋ," ಎಂದೆ. "ಅವನು ಇನ್ನೂ ಇಲ್ಲಿಂದ ಹೊರಟಿಲ್ಲ." ನೀನು ಬಂದು ನೋಡುವವರೆಗೆ ಅವು ಹಾಗೆಯೇ ಇರುತ್ತವೆ. ಆಮೇಲೆ ಬೇಕಾದರೆ ನೀನೇ ಮಗುಚು. ಅಪ್ಪ ನಿನಗೂ ಕಲಿಸಿದ್ದಾನಲ್ಲ.

ಬೆಚ್ಚಗೆ ಹೊದ್ದು ಬಾ. ಹಡಗಿನಲ್ಲಿ ಒಬ್ಬಳೇ ಕೂತು ಅಳಬೇಡ, ಯಾರಾದರೂ ಜೊತೆಯಲ್ಲಿರಲಿ. ನಿನ್ನ ತಲೆಯ ಮೇಲೆ ನನ್ನ ಕೈ ಯಾವಾಗಲೂ ಇದೆ. ನೀನು ನೂರು ವರ್ಷ ಬಾಳಬೇಕು, ಮನೆಯ ಒಳಗೆ, ನಾಲ್ಕು ಜನರ ನಡುವೆ.

ನಿನ್ನ ಅಜ್ಜಿ,
ಮುಮ್ಮು ಐಲಿ

ಮತ್ತೆ: ಮೇಲೆ ಬರೆಯಲಾಗದ ಒಂದು ಮಾತು ಉಳಿದಿದೆ. ಆ ಗುಡ್ಡ ಕರಡಿ ತೊರೆಯ ಆಚೆಯದು. ಒಲೆಯ ಸುತ್ತಲಿನ ಫರ್ ಗಿಡಗಳಲ್ಲಿ, ಮಲಗಿದವನ ಕೈಗೆ ಎಟುಕುವಷ್ಟು ಎತ್ತರಕ್ಕೆ, ಒಂದು ಹಸಿ ಟೊಂಗೆಯೂ ಉಳಿದಿಲ್ಲ. ಎಲ್ಲವನ್ನೂ ಮುರಿದು ಬೆಂಕಿಗೆ ಹಾಕಿದ್ದಾನೆ. ಹುಟ್ಟಿದಾಗಿನಿಂದ ಹೊಗೆ ಮಾಡದವನು ಹೊಗೆ ಮಾಡಿ ನಮ್ಮನ್ನು ಕರೆದಿದ್ದಾನೆ. ಹುಡುಕಲು ಬಂದ ಹುಡುಗರಿಗೂ ನಾನೇ ಹೇಳಿದ್ದೆ, ಆ ಗುಡ್ಡಕ್ಕೆ ಹೋಗಬೇಡಿ, ಅಲ್ಲಿ ಪಟ್ಟಣದವನೊಬ್ಬ ಇದ್ದಾನೆ, ನನ್ನ ಮಗ ಇನ್ನೂ ಉತ್ತರಕ್ಕೆ ಹೋಗಿದ್ದಾನೆ ಎಂದು. ನನ್ನ ಹಿಂದಿನ ಕಾಗದವನ್ನು ಇನ್ನೊಮ್ಮೆ ಓದಬೇಡ, ಸೈಮಿ. ರೇನೊ ಕೂಗುತ್ತೇನೆ ಎಂದ, ಬೇಡ ಎಂದವಳು ನಾನು. ಆರ್ವೊನಿಗೆಂದು ಸುಟ್ಟ ನಿಸುವನ್ನು, ಅವನ ಹೊಗೆ ನೋಡುತ್ತ ಕೂತು, ನಾನು ತಿಂದೆ.